ಕೊಟ್ಟವರು ಕಾಣದ ಫಸಲು



ಅಜ್ಜ ಹಾಕಿದ ತೋಟದಲ್ಲಿ ಮೊಮ್ಮಕ್ಕಳು ಗೊನೆ ಇಳಿಸುವುದು ಮಲೆನಾಡಿನವರಾದ ನಮಗೆ ಹೊಸ ಸಂಗತಿಯಲ್ಲ. ಆದರೆ ತನ್ನ ಮನೆಯವರೂ ಅಲ್ಲದ, ತಾನು ಎಂದೂ ಕಾಣದ ಮಕ್ಕಳಿಗಾಗಿ ತೋಟ ಹಾಕುವವರು ಅಪರೂಪ. ಬೆಂಗಳೂರಿನಲ್ಲಿ ಅಂಥದೊಂದು ತೋಟವಿದೆ. ಅದೇ ಭಾರತೀಯ ವಿಜ್ಞಾನ ಸಂಸ್ಥೆ. ಬೆಂಗಳೂರಿನ ಹಳಬರು, ಬಸ್ ಕಂಡಕ್ಟರುಗಳು, ಆಟೋದವರು ಇಂದಿಗೂ ಅದನ್ನು 'ಟಾಟಾ ಇನ್‌ಸ್ಟಿಟ್ಯೂಟ್' ಎಂದೇ ಕರೆಯುತ್ತಾರೆ. ಸಂಸ್ಥೆಯ ಅಧಿಕೃತ ಹೆಸರಿನಲ್ಲಿ ಮಾತ್ರ ಟಾಟಾ ಎಂಬ ಪದವೇ ಇಲ್ಲ!

ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಫೆಬ್ರುವರಿ ಅಥವಾ ಮಾರ್ಚ್ ತಿಂಗಳಲ್ಲಿ, ಈ ಸಂಸ್ಥೆ ತನ್ನ ಪ್ರಯೋಗಾಲಯಗಳನ್ನು ಒಂದು ದಿನ ಸಾರ್ವಜನಿಕರಿಗೆ ತೆರೆದಿಡುತ್ತದೆ. ಇದಕ್ಕೆ 'ಓಪನ್ ಡೇ' ಎಂದು ಹೆಸರು. ಅಂಥ ಒಂದು ದಿನ ಶಿವಮೊಗ್ಗ ಮತ್ತು ಭದ್ರಾವತಿಯ ನಮ್ಮ ಧರ್ಮಕೇಂದ್ರಗಳ ಕೆಲವು ಕುಟುಂಬಗಳು ಒಟ್ಟಾಗಿ ಅಲ್ಲಿಗೆ ಹೋಗಿದ್ದೆವು. ಬೆಳಗಿನ ರೈಲಿನಲ್ಲಿ ಹೋಗಿ ಯಶವಂತಪುರದಲ್ಲಿ ಇಳಿದರೆ ಸಂಸ್ಥೆ ಹತ್ತಿರವೇ. ನಮ್ಮ ಗುಂಪಿನಲ್ಲಿ ಹೈಸ್ಕೂಲು, ಪಿಯುಸಿ ಓದುವ ಮಕ್ಕಳಿದ್ದರು; ಅವರ ತಂದೆತಾಯಿಯರಿದ್ದರು; ಭದ್ರಾವತಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರೂ ಇದ್ದರು.

"ಅಂಥ ದೊಡ್ಡ ಜಾಗಗಳು ನಮ್ಮಂಥವರ ಮಕ್ಕಳಿಗಲ್ಲ" ಎಂಬ ಮಾತು ನಮ್ಮ ಊರುಗಳ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ಹೇಳುವವರಿಗೆ ಮಕ್ಕಳ ಮೇಲೆ ಪ್ರೀತಿ ಇಲ್ಲವೆಂದಲ್ಲ. ಆಸೆಪಟ್ಟು ನಿರಾಶರಾಗುವುದು ಬೇಡ ಎಂಬ ಕಾಳಜಿಯೇ ಆ ಮಾತಿನ ಹಿಂದೆ ಇರುತ್ತದೆ. ಈ ಮಾತು ನಿಜವೇ? ಸಂಸ್ಥೆಯ ಚರಿತ್ರೆಯನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡಿದರೆ ಉತ್ತರ ದೊರೆಯುತ್ತದೆ.

ಒಬ್ಬ ವರ್ತಕನ ಕನಸು

1893ರಲ್ಲಿ ಜಪಾನಿನಿಂದ ಅಮೆರಿಕಕ್ಕೆ ಹೊರಟ ಹಡಗಿನಲ್ಲಿ ಇಬ್ಬರು ಭಾರತೀಯರು ಜೊತೆಯಾದರು. ಒಬ್ಬರು ಷಿಕಾಗೋ ಸರ್ವಧರ್ಮ ಸಮ್ಮೇಳನಕ್ಕೆ ಹೊರಟಿದ್ದ ಸ್ವಾಮಿ ವಿವೇಕಾನಂದರು. ಇನ್ನೊಬ್ಬರು ಮುಂಬಯಿಯ ಪಾರ್ಸಿ ಉದ್ಯಮಿ ಜಮ್‌ಷೆಟ್‌ಜಿ ನಸರ್‌ವಾನ್‌ಜಿ ಟಾಟಾ. ಐದು ವರ್ಷಗಳ ನಂತರ, 1898ರ ನವೆಂಬರ್‌ನಲ್ಲಿ, ಟಾಟಾ ಅವರು ಆ ಪ್ರಯಾಣವನ್ನು ನೆನಪಿಸಿ ವಿವೇಕಾನಂದರಿಗೆ ಪತ್ರ ಬರೆದರು. ಭಾರತದಲ್ಲಿ ವಿಜ್ಞಾನ ಸಂಶೋಧನೆಗಾಗಿ ಒಂದು ಸಂಸ್ಥೆ ಕಟ್ಟುವ ತಮ್ಮ ಯೋಜನೆಗೆ ಬೆಂಬಲ ಕೋರಿದರು.

ಆಗ ನಮ್ಮ ದೇಶದಲ್ಲಿದ್ದ ವಿಶ್ವವಿದ್ಯಾಲಯಗಳು ಮುಖ್ಯವಾಗಿ ಪರೀಕ್ಷೆ ನಡೆಸಿ ಪದವಿ ಕೊಡುತ್ತಿದ್ದವು. ಹೊಸದನ್ನು ಹುಡುಕುವ ಕೆಲಸಕ್ಕೆ ಹೊರದೇಶಕ್ಕೇ ಹೋಗಬೇಕಾಗಿತ್ತು. ಟಾಟಾ ಅವರು ಇದಕ್ಕಾಗಿ ಸುಮಾರು 30 ಲಕ್ಷ ರೂಪಾಯಿ ಬೆಲೆಬಾಳುವ ತಮ್ಮ ಆಸ್ತಿಯನ್ನು ಕೊಡಲು ಮುಂದೆ ಬಂದರು. ಇಂದಿನ ಹಣದ ಲೆಕ್ಕದಲ್ಲಿ ಅದನ್ನು ಅಳೆಯಬಾರದು. ಆ ಕಾಲದಲ್ಲಿ ಅದು ಒಂದು ರಾಜ್ಯದ ಖಜಾನೆಯನ್ನು ನೆನಪಿಸುವ ಮೊತ್ತ. ಹೀಗೆ ಈ ಸಂಸ್ಥೆಯ ಮೊದಲ ಬೀಜವನ್ನು ಬಿತ್ತಿದ್ದು ಸರ್ಕಾರವಲ್ಲ, ಖಾಸಗಿ ವ್ಯಕ್ತಿಯೊಬ್ಬರ ಕೊಡುಗೆ.

1898ರ ಡಿಸೆಂಬರ್ 31ರಂದು ಯೋಜನೆಯ ಕರಡನ್ನು ಹೊಸ ವೈಸರಾಯ್ ಲಾರ್ಡ್ ಕರ್ಜನ್ ಅವರ ಮುಂದಿಡಲಾಯಿತು. ಕರ್ಜನ್ ಎರಡು ಸಂಶಯ ಎತ್ತಿದರು. ಇಷ್ಟು ಮೇಲ್ಮಟ್ಟದ ವಿದ್ಯೆ ಕಲಿಯಲು ಭಾರತದ ವಿದ್ಯಾರ್ಥಿಗಳು ಬರುತ್ತಾರೆಯೇ? ಕಲಿತು ಹೊರಬಂದವರಿಗೆ ಕೆಲಸ ಎಲ್ಲಿದೆ? ನೋಡಿ, "ನಮ್ಮ ಮಕ್ಕಳಿಗೆ ಅದು ಎಟುಕುವುದಿಲ್ಲ" ಎಂದು ನಾವು ಹೇಳುವ ಮಾತನ್ನೇ ನೂರಿಪ್ಪತ್ತು ವರ್ಷಗಳ ಹಿಂದೆ ವೈಸರಾಯರು ಇಡೀ ದೇಶದ ಮಕ್ಕಳ ಬಗ್ಗೆ ಹೇಳಿದ್ದರು!

ಯೋಜನೆ ಕಡತಗಳ ನಡುವೆ ವರ್ಷಗಟ್ಟಲೆ ತೆವಳಿತು. ಇಂಗ್ಲೆಂಡಿನ ಪ್ರಸಿದ್ಧ ರಸಾಯನ ವಿಜ್ಞಾನಿ ವಿಲಿಯಂ ರಾಮ್ಸೆ ಭಾರತವನ್ನು ಸುತ್ತಿ, ಇದಕ್ಕೆ ಬೆಂಗಳೂರು ತಕ್ಕ ಸ್ಥಳವೆಂದು ಶಿಫಾರಸು ಮಾಡಿದರು. ಆದರೆ ಕಾಗದದ ಮೇಲಿನ ಯೋಜನೆ ಕಟ್ಟಡವಾಗುವ ಮೊದಲೇ, 1904ರ ಮೇ 19ರಂದು, ಜಮ್‌ಷೆಟ್‌ಜಿ ಟಾಟಾ ಜರ್ಮನಿಯಲ್ಲಿ ತೀರಿಕೊಂಡರು. ಅವರು ಸಂಸ್ಥೆಯ ಒಂದು ಇಟ್ಟಿಗೆಯನ್ನೂ ನೋಡಲಿಲ್ಲ. ತಂದೆಯ ಮಾತನ್ನು ಮಕ್ಕಳಾದ ದೊರಾಬ್‌ಜಿ ಮತ್ತು ರತನ್‌ಜಿ ಉಳಿಸಿಕೊಂಡರು. 1909ರ ಮೇ 27ರಂದು ಸಂಸ್ಥೆ ವಿಧಿವತ್ತಾಗಿ ಸ್ಥಾಪನೆಯಾಯಿತು. 1911ರಲ್ಲಿ ಸಾಮಾನ್ಯ ಮತ್ತು ಅನ್ವಯಿಕ ರಸಾಯನ ವಿಜ್ಞಾನ ಹಾಗೂ ವಿದ್ಯುತ್ ತಂತ್ರಜ್ಞಾನ ವಿಭಾಗಗಳಲ್ಲಿ ಮೊದಲ ವಿದ್ಯಾರ್ಥಿಗಳು ಸೇರಿದರು. ಮೊದಲ ನಿರ್ದೇಶಕರು ಮಾರಿಸ್ ಟ್ರಾವರ್ಸ್. ಅಂಗಡಿ ಬೋರ್ಡುಗಳಲ್ಲಿ ಉರಿಯುವ 'ನಿಯಾನ್' ದೀಪದ ಆ ನಿಯಾನ್ ಅನಿಲವನ್ನು 1898ರಲ್ಲಿ ರಾಮ್ಸೆಯವರೊಡನೆ ಕಂಡುಹಿಡಿದವರು ಅವರೇ.

371 ಎಕರೆ ಯಾರದು?

ಮುಖ್ಯ ಕಟ್ಟಡದ ಮುಂದೆ ನಿಂತಾಗ ಮೊದಲು ಕಣ್ಣಿಗೆ ಬೀಳುವುದು ಬೂದು ಬಣ್ಣದ ಕಲ್ಲಿನ ಗೋಪುರ. ಅದರ ಎದುರಿಗೆ ಟಾಟಾ ಅವರ ಪ್ರತಿಮೆ. ನಮ್ಮ ಮಕ್ಕಳು ಅಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಸುತ್ತಲೂ ದಟ್ಟವಾದ ಮರಗಳು. ಗುಲ್‌ಮೊಹರ್ ಮಾರ್ಗ, ಸಿಲ್ವರ್ ಓಕ್ ಮಾರ್ಗ ಎಂದು ಒಳಗಿನ ರಸ್ತೆಗಳಿಗೆ ಮರಗಳದೇ ಹೆಸರು. ಹಿಂದೊಮ್ಮೆ ಇದು ಮರವಿಲ್ಲದ ಬಯಲು ನೆಲವಾಗಿತ್ತು ಎಂದರೆ ನಂಬುವುದು ಕಷ್ಟ. ಇಂದಿನ ನೆರಳೂ ಯಾರೋ ನೆಟ್ಟದ್ದೇ.

ಈ ನೆಲವನ್ನು ಕೊಟ್ಟದ್ದು ಮೈಸೂರು ಸಂಸ್ಥಾನ. ಒಡೆಯರ್ ಚಾಮರಾಜೇಂದ್ರರು 1894ರಲ್ಲಿ ಅಕಾಲ ಮರಣ ಹೊಂದಿದಾಗ ಅವರ ಮಗ ಇನ್ನೂ ಬಾಲಕ. 1902ರವರೆಗೆ ರಾಜ್ಯಭಾರವನ್ನು ನಡೆಸಿದವರು ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು. ಟಾಟಾ ಅವರ ಯೋಜನೆಗೆ ನೆರವಾಗಲು ಮೈಸೂರು ಮುಂದೆ ಬಂದದ್ದು ಆ ಕಾಲದಲ್ಲಿಯೇ. ಮುಂದೆ 371 ಎಕರೆ ಭೂಮಿಯೂ, ಅದರ ಜೊತೆಗೆ ಹಣದ ನೆರವೂ ಸಂಸ್ಥೆಗೆ ದೊರೆತವು. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ಕಟ್ಟಡಕ್ಕೆ ಅಡಿಗಲ್ಲು ಹಾಕಿದರು.

ಸಂಸ್ಥಾನದ ಹಣವೆಂದರೆ ಯಾರ ಹಣ? ಅರಮನೆಯ ಬೊಕ್ಕಸ ತುಂಬಿದ್ದು ರೈತರು ಕಟ್ಟಿದ ಕಂದಾಯದಿಂದ, ಕಾಡಿನ ಉತ್ಪನ್ನದಿಂದ, ಕೋಲಾರದ ಚಿನ್ನದಿಂದ. ಆ ಸಂಸ್ಥಾನದಲ್ಲಿ ಶಿವಮೊಗ್ಗವೂ ಒಂದು ಜಿಲ್ಲೆ. ತುಂಗಾ ಭದ್ರಾ ತೀರದಲ್ಲಿ ಭತ್ತ ಬೆಳೆದವನ ಕಂದಾಯ, ಸಾಗರ, ಸೊರಬದ ಕಾಡಿನಿಂದ ಹೋದ ಗಂಧದ ಕೊರಡಿನ ಬೆಲೆ, ಎಲ್ಲವೂ ಆ ಬೊಕ್ಕಸಕ್ಕೆ ಸೇರಿದ್ದವು. ಟಾಟಾ ಅವರ ಹೆಸರನ್ನು ಬಸ್ ಕಂಡಕ್ಟರುಗಳು ಉಳಿಸಿದರು. ನಮ್ಮ ಮುತ್ತಜ್ಜ ಮುತ್ತಜ್ಜಿಯರ ಹೆಸರು ಎಲ್ಲೂ ಬರೆದಿಲ್ಲ. ಆದರೂ ಅವರೂ ಕೊಟ್ಟವರೇ. ಹಾಗಿರುವಾಗ ಅಲ್ಲಿಗೆ ಹೋಗುವ ನಮ್ಮ ಮಕ್ಕಳು ಪರರ ಮನೆಗೆ ಹೋದಂತೆ ಅಂಜಬೇಕಾಗಿಲ್ಲ.

ಗಂಧದ ಕೊರಡಿನ ಕಥೆ

ಕೊಟ್ಟದ್ದು ಮರಳಿ ಬಂತೇ ಎಂದು ಕೇಳುವವರಿಗೆ ಗಂಧದ ಕಥೆಯೇ ಉತ್ತರ. ಮೈಸೂರು ಸಂಸ್ಥಾನದಲ್ಲಿ ಗಂಧದ ಮರ ಯಾರ ಹೊಲದಲ್ಲಿ ಬೆಳೆದರೂ ಅದು ಸರ್ಕಾರದ ಸ್ವತ್ತು. ಕೊರಡುಗಳನ್ನು ಹರಾಜು ಹಾಕುತ್ತಿದ್ದರು. ಬಹುಪಾಲು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಮಹಾಯುದ್ಧ ಆರಂಭವಾದಾಗ ಆ ದಾರಿ ಮುಚ್ಚಿತು. ಕೊರಡುಗಳು ಕೋಠಿಗಳಲ್ಲಿ ರಾಶಿ ಬಿದ್ದವು.

ಆಗ ಸಂಸ್ಥೆಯ ರಸಾಯನ ವಿಜ್ಞಾನಿಗಳಾದ ಸಡ್‌ಬರೋ ಮತ್ತು ವಾಟ್ಸನ್ ಇಲ್ಲಿಯೇ ಗಂಧದೆಣ್ಣೆ ಬಟ್ಟಿ ಇಳಿಸುವ ವಿಧಾನವನ್ನು ಸಿದ್ಧಪಡಿಸಿದರು. 1916ರಲ್ಲಿ ಬೆಂಗಳೂರಿನಲ್ಲಿಯೂ, ಮರುವರ್ಷ ಮೈಸೂರಿನಲ್ಲಿಯೂ ಎಣ್ಣೆಯ ಕಾರ್ಖಾನೆಗಳು ಆರಂಭವಾದವು. ಅದೇ ಎಣ್ಣೆಯಿಂದ ಮೈಸೂರು ಸ್ಯಾಂಡಲ್ ಸಾಬೂನು ಬಂತು. ಅದನ್ನು ರೂಪಿಸಿದ ಎಸ್. ಜಿ. ಶಾಸ್ತ್ರಿಯವರನ್ನು ಜನ 'ಸೋಪ್ ಶಾಸ್ತ್ರಿ' ಎಂದೇ ಕರೆದರು. 1944ರಲ್ಲಿ ನಮ್ಮ ಶಿವಮೊಗ್ಗದಲ್ಲಿಯೂ ಗಂಧದೆಣ್ಣೆ ಕಾರ್ಖಾನೆ ಆರಂಭವಾಯಿತು. ನಮ್ಮ ಕಾಡಿನ ಮರ ಬೆಂಗಳೂರಿನ ಪ್ರಯೋಗಾಲಯಕ್ಕೆ ಹೋಗಿ, ಕೆಲಸವಾಗಿ ನಮ್ಮ ಊರಿಗೆ ಹಿಂದಿರುಗಿತು.

ಭದ್ರಾವತಿಯ ಕುಲುಮೆ

ಹಿಂದೆ ಬೆಂಕಿಪುರವೆಂದು ಕರೆಯುತ್ತಿದ್ದ ಭದ್ರಾವತಿಯ ಭಾಗ್ಯ ತೆರೆದದ್ದೂ ಇದೇ ಕಾಲದಲ್ಲಿ. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಇಲ್ಲಿ ಕಬ್ಬಿಣದ ಕಾರ್ಖಾನೆಯ ಯೋಜನೆ ಹಾಕಿದರು. ಬಾಬಾಬುಡನ್ ಬೆಟ್ಟಸಾಲಿನ ಕೆಮ್ಮಣ್ಣುಗುಂಡಿಯಲ್ಲಿ ಅದಿರು ಇತ್ತು. ಭದ್ರಾ ನದಿಯ ನೀರಿತ್ತು. ಆದರೆ ನಮ್ಮ ಸೀಮೆಯಲ್ಲಿ ಕಲ್ಲಿದ್ದಲು ಇರಲಿಲ್ಲ. ಅದಕ್ಕೆ ಮಲೆನಾಡಿನ ಸೌದೆಯೇ ಪರಿಹಾರವಾಯಿತು. ಗಾಳಿ ತಾಗದಂತೆ ಮುಚ್ಚಿದ ಕಡಾಯಿಗಳಲ್ಲಿ ಸೌದೆಯನ್ನು ಕಾಯಿಸಿದರೆ ಇದ್ದಿಲು ಉಳಿಯುತ್ತದೆ. ಹೊರಟ ಹೊಗೆಯನ್ನು ತಣಿಸಿದರೆ ಮರದ ಸ್ಪಿರಿಟ್, ಅಸಿಟಿಕ್ ಆಮ್ಲ, ಟಾರು ಸಿಗುತ್ತವೆ. ಇದ್ದಿಲಿನಿಂದ ಕಬ್ಬಿಣ, ಹೊಗೆಯಿಂದ ರಾಸಾಯನಿಕ. ಟಾಟಾ ಸಂಸ್ಥೆಯಲ್ಲಿ ಆಗ ಕಲಿಸುತ್ತಿದ್ದ ಅನ್ವಯಿಕ ರಸಾಯನ ವಿಜ್ಞಾನವೆಂದರೆ ಇಂಥ ವಿದ್ಯೆಯೇ.

1923ರ ಜನವರಿಯಲ್ಲಿ ಕುಲುಮೆ ಹೊತ್ತಿತು. ಆದರೆ ಕಬ್ಬಿಣದ ಬೆಲೆ ಕುಸಿದಿತ್ತು. ಇದು ಸರ್ಕಾರ ಸಾಕಿದ ಬಿಳಿ ಆನೆ ಎಂದು ಟೀಕೆ ಬಂತು. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರೇ 1923ರಿಂದ 1929ರವರೆಗೆ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದು ಕಾರ್ಖಾನೆಯನ್ನು ನಿಲ್ಲಿಸಿಕೊಟ್ಟರು. ಆ ಕೆಲಸದ ಸಂಭಾವನೆಯನ್ನು ಅವರು ಮನೆಗೆ ಒಯ್ಯಲಿಲ್ಲ. ಬೆಂಗಳೂರಿನಲ್ಲಿ ಕೈಕಸುಬು, ತಾಂತ್ರಿಕ ವಿದ್ಯೆ ಕಲಿಸುವ ಸಂಸ್ಥೆಯೊಂದಕ್ಕೆ ಅದು ವಿನಿಯೋಗವಾಗಲಿ ಎಂದರು. ಆ ಸಂಸ್ಥೆಗೂ ತಮ್ಮ ಹೆಸರಿಡಲು ಒಪ್ಪಲಿಲ್ಲ. ಇಂದು ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಎಂದು ನಾವು ಕರೆಯುವುದು ಅದನ್ನೇ. 1938ರಿಂದ 1947ರವರೆಗೆ ಭಾರತೀಯ ವಿಜ್ಞಾನ ಸಂಸ್ಥೆಯ 'ಕೋರ್ಟ್' ಎಂಬ ಆಡಳಿತ ಸಭೆಯ ಅಧ್ಯಕ್ಷರಾಗಿದ್ದವರೂ ಅವರೇ. ಭದ್ರಾವತಿಯ ಕುಲುಮೆ ಮತ್ತು ಬೆಂಗಳೂರಿನ ಪ್ರಯೋಗಾಲಯ, ಎರಡನ್ನೂ ಒಬ್ಬರೇ ಹಿರಿಯರು ಕಾಯ್ದರು. ಅವರು ಅಧ್ಯಕ್ಷರಾಗಿದ್ದ ಅವಧಿಯಲ್ಲೇ ಸಂಸ್ಥೆಯಲ್ಲಿ 1942ರಲ್ಲಿ ವಿಮಾನ ತಂತ್ರಜ್ಞಾನ ವಿಭಾಗವೂ, 1945ರಲ್ಲಿ ಲೋಹಶಾಸ್ತ್ರ ವಿಭಾಗವೂ ಆರಂಭವಾದವು.

ಆ ಲೋಹಶಾಸ್ತ್ರ ವಿಭಾಗವನ್ನು ಈಗ ಮೆಟೀರಿಯಲ್ಸ್ ಇಂಜಿನಿಯರಿಂಗ್ ಎನ್ನುತ್ತಾರೆ. ನಾವು ಹೋದ ದಿನ ಅಲ್ಲಿ ಉಕ್ಕಿನ ಚೂರುಗಳನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ತೋರಿಸುತ್ತಿದ್ದರು. ನಮ್ಮ ಜೊತೆಗಿದ್ದ ಭದ್ರಾವತಿಯ ಹಿರಿಯರೊಬ್ಬರು ಬಹಳ ಹೊತ್ತು ಬಗ್ಗಿ ನೋಡಿದರು. "ಮೂವತ್ತು ವರ್ಷ ಇದರ ಜೊತೆಗೇ ಇದ್ದೆ ಮಗಾ. ಇದರ ಒಳಗೆ ಹೀಗಿರುತ್ತೆ ಅಂತ ಇವತ್ತೇ ನೋಡಿದ್ದು" ಎಂದರು. ವಿವರಿಸುತ್ತಿದ್ದ ಸಂಶೋಧನಾ ವಿದ್ಯಾರ್ಥಿ, "ಕುಲುಮೆ ಹತ್ತಿರ ನಿಂತು ಕೆಲಸ ಮಾಡಿದವರು ಇಲ್ಲಿಗೆ ಬರೋದು ಅಪರೂಪ ಅಂಕಲ್. ಕಾವು ಎಷ್ಟಿದೆ ಅಂತ ಬಣ್ಣ ನೋಡಿ ಹೇಗೆ ಹೇಳ್ತಿದ್ರಿ, ನಮಗೂ ಹೇಳಿ" ಎಂದು ಕೇಳಿದ. ಆಮೇಲೆ ಹತ್ತು ನಿಮಿಷ ಪಾಠ ಮಾಡಿದವರು ನಮ್ಮ ಹಿರಿಯರು. ಕೇಳಿಸಿಕೊಂಡವರು ಸಂಸ್ಥೆಯ ಮಕ್ಕಳು.

ಇಂದು ಭದ್ರಾವತಿಯ ಮನೆಗಳಲ್ಲಿ ನೋವಿದೆ. 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತು ವರ್ಷಗಳಾದವು. ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಪ್ರಕಟವಾಯಿತು. ಹೋರಾಟಗಳ ನಂತರ ಅದೇ ವರ್ಷದ ಆಗಸ್ಟ್‌ನಲ್ಲಿ ಕೆಲವು ಘಟಕಗಳು ಮತ್ತೆ ತಿರುಗಿದವು. ಆದರೂ ಶಿಫ್ಟಿನ ಸೈರನ್ನಿಗೆ ಇಡೀ ಊರು ಎದ್ದು ಮಲಗುತ್ತಿದ್ದ ಆ ಕಾಲ ಮರಳಿಲ್ಲ. "ಅಪ್ಪ ಕಾರ್ಖಾನೆಯಲ್ಲಿದ್ದಾರೆ, ಮಗನಿಗೂ ಅಲ್ಲಿಯೇ ಆಗುತ್ತದೆ" ಎಂಬ ಭರವಸೆ ಈಗ ಇಲ್ಲ. ಹಾಗೆಂದ ಮಾತ್ರಕ್ಕೆ ಕುಲುಮೆಯ ಮುಂದೆ ಬೆವರು ಸುರಿಸಿದವರ ದುಡಿಮೆ ವ್ಯರ್ಥವಾಯಿತೆಂದು ಯಾರೂ ತಿಳಿಯಬಾರದು. ಆ ಸಂಬಳದಲ್ಲಿ ಎಷ್ಟೋ ಮಕ್ಕಳು ಓದಿದ್ದಾರೆ. ಕಾರ್ಖಾನೆಗೆ ಅದಿರು ಬೇಕು, ಸೌದೆ ಬೇಕು, ಮಾರುಕಟ್ಟೆ ಬೇಕು. ಕಲಿತ ವಿದ್ಯೆ ಮಾತ್ರ ಮಗುವಿನ ಜೊತೆಗೆ ಎಲ್ಲಿಗೂ ಹೋಗುತ್ತದೆ.

ಬಾಗಿಲು ತಟ್ಟಿದ ಹೆಣ್ಣುಮಗಳು

ಈ ಸಂಸ್ಥೆಯ ಬಾಗಿಲು ಮೊದಲಿನಿಂದಲೂ ಎಲ್ಲರಿಗೂ ಸಮನಾಗಿ ತೆರೆದಿತ್ತು ಎಂದು ಹೇಳಿದರೆ ಅದು ಸತ್ಯವಾಗದು. 1933ರಲ್ಲಿ ಮುಂಬಯಿಯ ಕಮಲಾ ಭಾಗವತ್ ಎಂಬ ತರುಣಿ ಪದವಿಯಲ್ಲಿ ಉನ್ನತ ಅಂಕ ಪಡೆದು ಪ್ರವೇಶಕ್ಕೆ ಅರ್ಜಿ ಹಾಕಿದರು. ಆಗ ನಿರ್ದೇಶಕರಾಗಿದ್ದವರು ನೊಬೆಲ್ ಪುರಸ್ಕೃತ ಸರ್ ಸಿ. ವಿ. ರಾಮನ್. ಹೆಣ್ಣು ಎಂಬ ಕಾರಣಕ್ಕೆ ಅವರು ಅರ್ಜಿಯನ್ನು ತಿರಸ್ಕರಿಸಿದರು. ಆಕೆ ಹಿಂದೆ ಸರಿಯಲಿಲ್ಲ. ಬೆಂಗಳೂರಿಗೇ ಬಂದು ಕಾರಣ ಕೇಳಿದರು. ಕೊನೆಗೆ ಒಂದು ವರ್ಷ ಕಾದು ನೋಡುವ ಷರತ್ತಿನ ಮೇಲೆ ಸೇರಿಸಿಕೊಂಡರು. ಆಕೆಯ ಕೆಲಸ ನೋಡಿದ ಮೇಲೆ ಹೆಣ್ಣುಮಕ್ಕಳಿಗೆ ಅಲ್ಲಿ ದಾರಿಯಾಯಿತು. ಮುಂದೆ ಕಮಲಾ ಸೊಹೊನಿ ಎಂದು ಹೆಸರಾದ ಇವರು 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು.

ಯಾರೋ ಕೊಟ್ಟದ್ದು ತಾನಾಗಿಯೇ ನಮ್ಮ ಕೈಗೆ ಬರುವುದಿಲ್ಲ, ಹೋಗಿ ಕೇಳಬೇಕು. "ಹೆಣ್ಣುಮಗು, ಅಷ್ಟು ದೂರ ಯಾಕೆ?" ಎನ್ನುವ ತಂದೆತಾಯಿಯರು ಈ ಕಥೆಯನ್ನು ಮಕ್ಕಳ ಎದುರಿಗೇ ಒಮ್ಮೆ ಓದಬೇಕು.

ಕೊಡುವಾಗ ಕೇಳಬೇಕಾದ ಪ್ರಶ್ನೆ

ಸಂಸ್ಥೆ ತನ್ನ ಗೋಡೆಯಾಚೆಗೂ ಬಂದಿದೆ. 1974ರಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ 'ಅಸ್ತ್ರ' ಎಂಬ ಕೇಂದ್ರವನ್ನು ಆರಂಭಿಸಿದರು. ಕಡಿಮೆ ಸೌದೆ, ಕಡಿಮೆ ಹೊಗೆಯ 'ಅಸ್ತ್ರ ಒಲೆ' ಬಂದದ್ದು ಅಲ್ಲಿಂದಲೇ. ನಮ್ಮಲ್ಲಿ ಎಷ್ಟೋ ತಾಯಂದಿರಿಗೆ ಆ ಒಲೆಯ ನೆನಪಿದೆ. ಅದರ ಹಿಂದೆ ಟಾಟಾ ಸಂಸ್ಥೆ ಇತ್ತೆಂದು ಗೊತ್ತಿರುವವರು ಕಡಿಮೆ.

ನಮ್ಮ ಧರ್ಮಕ್ಷೇತ್ರಕ್ಕೆ ಸೇರಿದ ಚಿತ್ರದುರ್ಗ ಜಿಲ್ಲೆಯಲ್ಲಿ, ಚಳ್ಳಕೆರೆಯ ಬಳಿ ಕುದಾಪುರದಲ್ಲಿ, ಸಂಸ್ಥೆಗೆ 1500 ಎಕರೆಯ ಎರಡನೆಯ ಆವರಣವಿದೆ. ಸರ್ಕಾರಿ ಶಾಲೆಗಳ ವಿಜ್ಞಾನ ಶಿಕ್ಷಕರಿಗೆ ಅಲ್ಲಿ ತರಬೇತಿ ನಡೆಯುತ್ತದೆ. ಇದು ಒಳ್ಳೆಯ ಕೆಲಸ. ಆದರೆ ಅಲ್ಲಿ ಹಲವು ಸಂಸ್ಥೆಗಳಿಗೆ ಹಂಚಿದ ಭೂಮಿ ಅಮೃತ್ ಮಹಲ್ ಕಾವಲು. ಸುತ್ತಲಿನ ಹಳ್ಳಿಗಳ ದನಕುರಿ ತಲೆತಲಾಂತರದಿಂದ ಮೇಯುತ್ತಿದ್ದ ಹುಲ್ಲುಗಾವಲು. ಬೇಲಿ ಬಿದ್ದಾಗ ಕುರಿಗಾಹಿಗಳು ಪ್ರತಿಭಟಿಸಿದರು. ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಟಾಟಾ ಅವರು ಕೊಟ್ಟದ್ದು ತಮ್ಮ ಆಸ್ತಿಯನ್ನು. ಹತ್ತು ಜನ ಬದುಕುವ ನೆಲವನ್ನು ಕೊಡುವಾಗ ಆ ಹತ್ತು ಜನರನ್ನೂ ಕೇಳಬೇಕು. ಅವರ ಮಕ್ಕಳಿಗೆ ಆ ಆವರಣದಲ್ಲಿ ಕಾವಲುಗಾರರ ಕೆಲಸ ಮಾತ್ರವಲ್ಲ, ಕಲಿಯುವ ಬೆಂಚಿನಲ್ಲಿಯೂ ಜಾಗ ಸಿಗಬೇಕು. ಆಗ ಮಾತ್ರ ಅದು 371 ಎಕರೆಯ ಕಥೆಯ ಮುಂದುವರಿಕೆಯಾದೀತು.

ನಮ್ಮ ಪಾಲಿನ ಕೆಲಸ

ಮೊದಲ ಪ್ರಶ್ನೆಗೆ ಬರೋಣ. ಅಂಥ ಜಾಗ ನಮ್ಮ ಮಕ್ಕಳಿಗಲ್ಲವೇ? 1958ರಲ್ಲಿ ವಿಶ್ವವಿದ್ಯಾಲಯದ ಮಾನ್ಯತೆ ಪಡೆದ ಈ ಸಂಸ್ಥೆಯಲ್ಲಿ ಮುಖ್ಯವಾಗಿ ಸ್ನಾತಕೋತ್ತರ ವಿದ್ಯೆ ಮತ್ತು ಸಂಶೋಧನೆ ನಡೆಯುತ್ತದೆ. 2011ರಿಂದ ಪಿಯುಸಿ ವಿಜ್ಞಾನ ಮುಗಿಸಿದವರಿಗೂ ನಾಲ್ಕು ವರ್ಷದ ಪದವಿ ಇದೆ. ಪ್ರವೇಶ ರಾಷ್ಟ್ರಮಟ್ಟದ ಪರೀಕ್ಷೆಗಳ ಮೂಲಕ. ಸಂಶೋಧನೆಗೆ ಸೇರುವವರಿಗೆ ತಿಂಗಳು ತಿಂಗಳು ಶಿಷ್ಯವೇತನ ಸಿಗುತ್ತದೆ. ಮನೆಯಿಂದ ಲಕ್ಷಗಟ್ಟಲೆ ಸುರಿಯಬೇಕಾಗಿಲ್ಲ. ಸ್ಪರ್ಧೆ ಕಠಿಣ, ಎಲ್ಲರಿಗೂ ಸಿಗುವುದಿಲ್ಲ ಎಂಬುದು ನಿಜ. ಆದರೆ ಪರೀಕ್ಷೆಯಲ್ಲಿ ಸೋಲುವುದು ಬೇರೆ, ಮನೆಯ ಹೊಸಿಲಲ್ಲೇ ಸೋಲುವುದು ಬೇರೆ.

ಆದ್ದರಿಂದ ತಂದೆತಾಯಿಯರಲ್ಲಿ ನಮ್ಮ ಕೋರಿಕೆ ಇಷ್ಟು. ಮುಂದಿನ ಓಪನ್ ಡೇ ಪ್ರಕಟವಾದಾಗ ಮಕ್ಕಳನ್ನು ಕರೆದುಕೊಂಡು ಹೋಗಿ. ಪ್ರವೇಶ ಪರೀಕ್ಷೆಗಳ ವಿವರವನ್ನು ಒಂಬತ್ತು, ಹತ್ತನೆಯ ತರಗತಿಯಲ್ಲೇ ತಿಳಿದುಕೊಳ್ಳಿ. ಭದ್ರಾವತಿಯ ಹಿರಿಯರೇ, ಕುಲುಮೆಯ ಅನುಭವವನ್ನು ಮೊಮ್ಮಕ್ಕಳಿಗೆ ಹೇಳಿ, ಅದೂ ವಿದ್ಯೆಯೇ. ಉಳ್ಳವರು ಪ್ರತಿ ಧರ್ಮಕೇಂದ್ರದಲ್ಲಿ ಒಂದು ಮಗುವಿನ ಪರೀಕ್ಷಾ ಶುಲ್ಕ, ಪುಸ್ತಕದ ಖರ್ಚನ್ನು ವಹಿಸಿಕೊಂಡರೂ ಸಾಕು. ಅದು ಯಾವ ಜಾತಿ, ಯಾವ ಮತದ ಮಗುವಾದರೂ ಸರಿ. ಕೊಟ್ಟವರ ಹೆಸರು ಹಾಕಿಸುವುದು ಬೇಡ.

ಟಾಟಾ ಅವರು ಸಂಸ್ಥೆಯನ್ನು ನೋಡಲಿಲ್ಲ. ಕಂದಾಯ ಕಟ್ಟಿದ ನಮ್ಮ ಹಿರಿಯರು ಅದರ ಹೆಸರನ್ನೂ ಕೇಳಿರಲಿಲ್ಲ. ಫಸಲು ಮಾತ್ರ ನೂರು ವರ್ಷ ದಾಟಿ ಇನ್ನೂ ಬರುತ್ತಿದೆ. ಅದರಲ್ಲಿ ನಮ್ಮ ಮಕ್ಕಳ ಪಾಲೂ ಇದೆ. ಅದನ್ನು ಪಡೆಯಲು ಅವರನ್ನು ಕಳುಹಿಸೋಣ. ಮುಂದಿನವರಿಗಾಗಿ ನಾವೂ ಒಂದು ಸಸಿ ನೆಡೋಣ.